ಅಡ್ಡಗೆರೆಯ ಆಚೆ

ಗಣಪತಿ ಹಬ್ಬದ ಆರ್ಕೆಸ್ಟ್ರಾದಲ್ಲಿ ಹಾಡುವವರ ಮೇಲೆ ನನಗೆ ಯಾವತ್ತೂ ಸಿಟ್ಟಿಲ್ಲ. ಶ್ರುತಿ ಜಾರಿದರೆ ಮೈಕಿನ ದೋಷ, ತಾಳ ಎಡವಿದರೆ ಜನರೇಟರಿನ ದೋಷ ಎಂದು ಅವರ ಪರವಾಗಿ ನಾನೇ ವಕಾಲತ್ತು ವಹಿಸುತ್ತೇನೆ. ನನ್ನ ತಕರಾರೆಲ್ಲ ಹಾಡುಗಳ ಮಧ್ಯೆ ಬಂದು ಮಾತಾಡುವವರ ಮೇಲೆ. ಈ ಸಲ ಕೊಣನೂರಿನಲ್ಲಿ ಅಂಥವನೊಬ್ಬ, ಮಿರಿಮಿರಿ ಕೋಟಿನ ಹುಡುಗ, ಕೈಯೆತ್ತಿ “ಈಗ ಶಿವಣ್ಣ ಅಭಿನಯದ ನಮ್ಮೂರ ಮಂದಾರ ಹೂವೆ ಚಿತ್ರದ ಸೂಪರ್ ಹಿಟ್ ಗೀತೆ” ಎಂದು ಘೋಷಿಸಿದ. ಶಿಳ್ಳೆ ಬಿದ್ದವು. ಆದರೆ ಕೀಬೋರ್ಡಿನವನು ಶುರು ಹಚ್ಚಿಕೊಂಡಿದ್ದು 1981ರ ‘ಆಲೆಮನೆ’ಯ ಹಾಡನ್ನು.

ಕುರ್ಚಿಯಲ್ಲಿ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಪಕ್ಕದಲ್ಲಿದ್ದ ಹೆಂಡತಿ, ಸ್ಟೇಜಿನ ಕಡೆ ನೋಡುತ್ತಲೇ, ನನ್ನ ಅಂಗಿಯ ತೋಳು ಹಿಡಿದಳು. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಒಮ್ಮೆ ಸಾವಿನ ಮನೆಯ ಅಂಗಳದಲ್ಲೂ ನಾನು ಎದ್ದುನಿಂತು ಇಂಥ ತಿದ್ದುಪಡಿಗಳನ್ನು ಮಂಡಿಸಿದ್ದನ್ನು ಕಂಡವಳು ಅವಳು. “ಅವನಿಗೆ ದುಡ್ಡು ಕೊಟ್ಟಿರೋದು ಮಾತಾಡೋಕೆ, ನಿಮಗೆ ಕೊಟ್ಟಿಲ್ಲ” ಅಂದಳು. ಮಾತು ನ್ಯಾಯವಾಗಿತ್ತು. ಕೂತೆ. ಆದರೆ ಕೂತವನ ಬಾಯಿ ಮುಚ್ಚಬಹುದೇ ಹೊರತು ತಲೆ ಮುಚ್ಚುವುದಕ್ಕಾಗುತ್ತದೆಯೇ? ಹುಡುಗ ಹೇಳಿದ ಸಿನಿಮಾ ಬಂದಿದ್ದು ತೊಂಬತ್ತರ ದಶಕದಲ್ಲಿ. ಸುನೀಲ್ ಕುಮಾರ್ ದೇಸಾಯಿ ಮಾಡಿದ್ದು, ಸಂಗೀತ ಇಳಯರಾಜಾ. ಹಾಡಿನ ಮೊದಲ ಸಾಲನ್ನು ಆ ಸಿನಿಮಾ ಹೆಸರಾಗಿ ಇಟ್ಟುಕೊಂಡಿತು, ಅಷ್ಟೇ. ಹಾಡು ಅದಕ್ಕಿಂತ ಹದಿನೈದು ವರ್ಷ ಹಿರಿದು. ಬರೆದವರು ದೊಡ್ಡರಂಗೇಗೌಡರು, ಹಾಡಿದವರು ಎಸ್‌ಪಿಬಿ, ಸಂಗೀತ ಅಶ್ವಥ್-ವೈದಿ. ಇಷ್ಟನ್ನೂ ಮನಸ್ಸಿನಲ್ಲೇ ಮೈಕು ಹಿಡಿದು ಹೇಳಿ ಮುಗಿಸುವ ಹೊತ್ತಿಗೆ ಹಾಡೇ ಮುಗಿದಿತ್ತು.

ಈ ಮೂರು ಹೆಸರುಗಳನ್ನು ಒಂದೇ ಉಸಿರಿಗೆ ಹೇಳುವ ರೂಢಿ ನನಗೆ ಬಂದದ್ದು ಚಿಕ್ಕಪ್ಪನಿಂದ, ಹೊಗೆಸೊಪ್ಪಿನ ಬ್ಯಾರನ್ನಿನ ಮುಂದೆ. ನಮ್ಮ ಕಡೆಯವರಿಗೆ ಬ್ಯಾರನ್ ಎಂದರೆ ವಿವರಿಸಬೇಕಿಲ್ಲ. ಉಳಿದವರಿಗೆ ಹೇಳುವುದಾದರೆ, ಕಿಟಕಿಯಿಲ್ಲದ ಎತ್ತರದ ಗೋಡೆಗಳ ಒಂದು ಕೋಣೆ. ಒಳಗೆ ಸಾಲು ಸಾಲು ಅಟ್ಟಣಿಗೆ, ಅದರ ಮೇಲೆ ಹಸಿ ಎಲೆ ಕಟ್ಟಿದ ಕಡ್ಡಿಗಳು, ನೆಲದಲ್ಲಿ ಬಿಸಿ ಹರಿಯುವ ಕೊಳವೆ, ಹೊರಗೆ ಒಲೆಯ ಬಾಯಿ. ಎಲೆ ಮೊದಲು ಹಳದಿಗೆ ತಿರುಗಬೇಕು, ಆಮೇಲೆ ಬಣ್ಣ ನಿಲ್ಲಬೇಕು, ಕೊನೆಗೆ ನಡುವಿನ ದಂಟು ಒಣಗಬೇಕು. ಶಾಖ ತೊಂಬತ್ತು ಚಿಲ್ಲರೆ ಡಿಗ್ರಿಯಿಂದ ಶುರುವಾಗಿ ಮೆಲ್ಲಗೆ ನೂರ ಅರವತ್ತರವರೆಗೆ ಏರಬೇಕು, ಅದೂ ಫ್ಯಾರನ್‌ಹೀಟಿನಲ್ಲಿ. ನಮ್ಮೂರಲ್ಲಿ ಜ್ವರವನ್ನೂ ಹೊಗೆಸೊಪ್ಪನ್ನೂ ಬಿಟ್ಟರೆ ಬೇರೆ ಯಾವುದಕ್ಕೂ ಥರ್ಮಾಮೀಟರ್ ಇಡುತ್ತಿರಲಿಲ್ಲ. ಒಂದು ರಾತ್ರಿ ನಿದ್ದೆಗೆಟ್ಟು ಬೆಂಕಿ ಜಾಸ್ತಿಯಾದರೆ ವರ್ಷದ ಸಾಲ ರಾಮನಾಥಪುರದ ಹರಾಜು ಕಟ್ಟೆಯಲ್ಲಿ ಕಪ್ಪಗೆ ಮುಖ ತೋರಿಸುತ್ತಿತ್ತು. ಆದ್ದರಿಂದ ಎಚ್ಚರವಿರಬೇಕು. ಎಚ್ಚರವಿರಲು ಚಿಕ್ಕಪ್ಪ ಟೇಪ್ ರೆಕಾರ್ಡರ್ ಇಟ್ಟುಕೊಂಡಿದ್ದ.

ಆಗ ಅಂಗಡಿಯಲ್ಲಿ ಹಾಡು ತುಂಬಿಸುತ್ತಿದ್ದರು. ಖಾಲಿ ಕ್ಯಾಸೆಟ್ಟು, ಒಂದು ಚೀಟಿಯಲ್ಲಿ ಬೇಕಾದ ಹಾಡುಗಳ ಪಟ್ಟಿ; ಕೊಟ್ಟು ಬಂದರೆ ವಾರದೊಳಗೆ ರೆಡಿ. ಚಿಕ್ಕಪ್ಪನ ಚೀಟಿ ಮಾತ್ರ ಅರ್ಜಿಯ ಹಾಗಿರುತ್ತಿತ್ತು: ಹಾಡು, ಚಿತ್ರ, ಸಾಹಿತ್ಯ, ಸಂಗೀತ, ಗಾಯನ, ಎಲ್ಲಕ್ಕೂ ಗೆರೆ ಹಾಕಿದ ಕಾಲಂ. ಅಂಗಡಿಯವನಿಗೆ ಬೇಕಾದದ್ದು ಮೊದಲನೇ ಕಾಲಂ ಮಾತ್ರ. ಆದರೆ ಚಿಕ್ಕಪ್ಪನಿಗೆ ಹೆಸರು ಬರೆಯದೆ ಹಾಡು ಕೇಳುವುದು ಹೆಸರು ಕೇಳದೆ ಊಟ ಮಾಡಿ ಎದ್ದು ಬಂದ ಹಾಗೆ. ಒಲೆಗೆ ಸೌದೆ ತಳ್ಳಿ, ಗಾಜಿನ ಕಿಂಡಿಯಿಂದ ಡಿಗ್ರಿ ನೋಡಿ, ಹೆಗಲ ಮೇಲಿನ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು, ಅವನು ಆಕಾಶವಾಣಿಯವರ ಗಂಭೀರ ದನಿಯಲ್ಲಿ ಘೋಷಿಸುತ್ತಿದ್ದ. ಕೇಳುಗರು ನಾನು ಮತ್ತು ನಾಯಿ. ಕಡ್ಡಿಗೆ ಎಲೆ ಕಟ್ಟಿ ಬೆರಳೆಲ್ಲ ಅಂಟಾಗಿ, ಎಷ್ಟು ತೊಳೆದರೂ ಕಹಿ ಹೋಗದೆ, ಅದೇ ಕೈಯಲ್ಲಿ ಮಂಡಕ್ಕಿ ತಿನ್ನುತ್ತ ನಾನು ಆ ಮೂರು ಹೆಸರುಗಳನ್ನು ಬಾಯಿಪಾಠ ಮಾಡಿದೆ. ಈಗಲೂ ಆ ಹಾಡು ಬಂದರೆ ನಾಲಿಗೆಯ ತುದಿ ಸ್ವಲ್ಪ ಕಹಿಯಾಗುತ್ತದೆ. ಪ್ರೇಮಗೀತೆಯೊಂದಕ್ಕೆ ಇದಕ್ಕಿಂತ ಹೊಂದದ ರುಚಿ ಇರಲಾರದು.

ಹೊಂದದ್ದೇ ಇನ್ನೊಂದಿತ್ತು. ಸಿನಿಮಾದ ಹೆಸರು ‘ಆಲೆಮನೆ’. ಬೆಲ್ಲ ಕಾಯಿಸುವ ಜಾಗದ ಹೆಸರಿನ ಹಾಡನ್ನು ನಾವು ಕೇಳುತ್ತಿದ್ದದ್ದು ಹೊಗೆಸೊಪ್ಪು ಬೇಯಿಸುವ ಜಾಗದಲ್ಲಿ. ಎರಡೂ ಕಡೆ ಬೆಂಕಿಯೇ, ರಾತ್ರಿಯೇ, ಹದವೇ. ಪಾಕ ಒಂದು ಗಳಿಗೆ ಹೆಚ್ಚಾದರೆ ಬೆಲ್ಲ ಕಪ್ಪಗಾಗುತ್ತದೆ, ಕಡಿಮೆಯಾದರೆ ಅಚ್ಚಿನಲ್ಲಿ ಕೂರದೆ ಇಳಿಯುತ್ತದೆ. ಆದರೆ ಆಲೆಮನೆಗೆ ಹೋದ ಮಗುವನ್ನು ಯಾರೂ ಬರಿಗೈಲಿ ಕಳಿಸುವುದಿಲ್ಲ. ಲೋಟದ ತುಂಬ ಹಾಲು, ಎಲೆಯ ಮೇಲೆ ಬಿಸಿ ಪಾಕ. ಹಾಲು ಎಂದರೆ ಕಬ್ಬಿನ ಹಾಲು. ಬ್ಯಾರನ್ನಿಗೆ ಹೋದ ಮಗುವಿಗೆ ಕೊಡಲು ಏನೂ ಇಲ್ಲ. ಮಾರ್ಚ್ ಹೊತ್ತಿಗೆ ಅಮ್ಮನ ತವರಿನ ಆಲೆಮನೆಗೆ ಹೋಗುತ್ತಿದ್ದ ನನಗೆ ಈ ವ್ಯತ್ಯಾಸ ಬಹಳ ಅನ್ಯಾಯ ಅನ್ನಿಸುತ್ತಿತ್ತು. ಚಿಕ್ಕಪ್ಪ ಅದಕ್ಕೇ ಹಾಡು ಹಾಕುತ್ತಿದ್ದನೇನೋ.

ಸುರೇಶ್ ಹೆಬ್ಳೀಕರ್ ನಟಿಸಿದ್ದ ಆ ಸಿನಿಮಾವನ್ನು ಥಿಯೇಟರಿನಲ್ಲಿ ನೋಡಿದೆನೆಂದು ಹೇಳುವ ಒಬ್ಬರನ್ನೂ ನಾನು ಕಂಡಿಲ್ಲ. ನನ್ನ ಪರಿಚಯದ ವಲಯ ಸಣ್ಣದಿರಬಹುದು. ಆದರೆ ಹಾಡು? ಅದು ಬಾರದವರು ಯಾರು? ಬೀಗರು ಬಂದಾಗ ಮದುಮಗನ ಗೆಳೆಯರು ಹಾಡುತ್ತಾರೆ, ಕಾಲೇಜು ಡೇಯಲ್ಲಿ ಪ್ರಿನ್ಸಿಪಾಲರು ಹಾಡುತ್ತಾರೆ. ಪ್ರಿನ್ಸಿಪಾಲರು ಹಾಡುವಾಗ ಮಕ್ಕಳು ಕೂಗುವುದನ್ನು ನೋಡಬೇಕು. ಹೀಗೆ ಎಲ್ಲರಿಗೂ ಬರುವ ಹಾಡೊಂದು ತನ್ನ ಹುಟ್ಟಿನ ವಿಷಯದಲ್ಲಿ ಯಾರಿಗೂ ಗೊತ್ತಿಲ್ಲದ ಹಾಡಾಗಿರುವುದು ನನಗೆ ಹಬ್ಬದ ದಿನ ಮೂಗಿನ ಮೇಲೆ ಕೂತ ನೊಣ.

ನನ್ನ ಜೊತೆ ಕೆಲಸ ಮಾಡುತ್ತಿದ್ದ ಚನ್ನರಾಯಪಟ್ಟಣದ ಗೆಳೆಯರೊಬ್ಬರಿಗೆ ಮಾತ್ರ ಇಂಥ ಬೇಸರವೇ ಇರಲಿಲ್ಲ. ಅವರ ಪಾಲಿಗೆ ಕನ್ನಡದ ಒಳ್ಳೆಯ ಹಾಡುಗಳೆಲ್ಲ ಸಿ. ಅಶ್ವಥ್ ಮಾಡಿದ್ದೇ, ಅಶ್ವಥ್ ಎಂದರೆ ಚನ್ನರಾಯಪಟ್ಟಣವೇ. 1939ರಲ್ಲಿ ಅವರು ಅಲ್ಲಿ ಹುಟ್ಟಿದ್ದು ನಿಜ. ಉಳಿದದ್ದನ್ನೆಲ್ಲ ಗೆಳೆಯರು ಬಡ್ಡಿ ಸಮೇತ ವಸೂಲಿ ಮಾಡುತ್ತಿದ್ದರು. ಊಟದ ಡಬ್ಬಿ ಬಿಚ್ಚುತ್ತ “ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ನೌಕರಿ ಮಾಡ್ಕೊಂಡೇ ಇಷ್ಟೆಲ್ಲ ಮಾಡಿದ್ರು ಕಣ್ರೀ, ನಾವೂ ನೌಕರಿ ಮಾಡ್ತಾ ಇದೀವಿ” ಎಂದು ನಿಟ್ಟುಸಿರು ಬಿಡುತ್ತಿದ್ದರು. ಆ ‘ನಾವೂ’ ಎಂಬುದರಲ್ಲಿ ನನ್ನನ್ನೂ ಸೇರಿಸಿದ್ದಾರಲ್ಲ ಎಂದು ನನಗೆ ಕಸಿವಿಸಿ. ಶರೀಫರ ಪದಗಳನ್ನು ಮನೆಮನೆಗೆ ಮುಟ್ಟಿಸಿದ್ದು, ‘ಕಾಕನ ಕೋಟೆ’, ‘ಮೈಸೂರು ಮಲ್ಲಿಗೆ’, ‘ನಾಗಮಂಡಲ’, 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಜನಸಾಗರವನ್ನೇ ಕೂರಿಸಿಕೊಂಡು ಹಾಡಿದ ‘ಕನ್ನಡವೇ ಸತ್ಯ’, ಒಂದೊಂದನ್ನೂ ತಮ್ಮ ಊರಿನ ಕೆರೆ ಏರಿಯ ಮೇಲೆ ನಡೆದದ್ದೆಂಬಂತೆ ವರ್ಣಿಸುತ್ತಿದ್ದರು.

ನಾನು ಅರಕಲಗೂಡು ತಾಲ್ಲೂಕಿನವನು, ಸುಮ್ಮನಿರಲು ಸಾಧ್ಯವೇ? ನನ್ನ ಕೈಯಲ್ಲಿ ರುದ್ರಪಟ್ಟಣವಿತ್ತು. ಕೊಣನೂರಿಂದ ಅಷ್ಟೇನೂ ದೂರವಿಲ್ಲದ, ಕಾವೇರಿ ದಂಡೆಯ ಆ ಪುಟ್ಟ ಊರು ಎಷ್ಟು ಸಂಗೀತಗಾರರನ್ನು ಕೊಟ್ಟಿದೆಯೆಂದರೆ ಅಲ್ಲಿ ಮಕ್ಕಳು ಹಸಿವಾದರೂ ಆಲಾಪನೆಯಲ್ಲೇ ಅಳುತ್ತವೆಂದು ನಮ್ಮಜ್ಜಿ ಹೇಳುತ್ತಿದ್ದಳು. ಪದ್ಮಭೂಷಣ ಆರ್.ಕೆ. ಶ್ರೀಕಂಠನ್ ಅಲ್ಲಿಯವರು. ಆರ್.ಕೆ. ಪದ್ಮನಾಭ ಅಲ್ಲಿಯವರು, ತಂಬೂರಿಯ ಆಕಾರದಲ್ಲೇ ಅವರು ಊರಲ್ಲೊಂದು ಮಂದಿರ ಕಟ್ಟಿಸಿದ್ದಾರೆ. ತ್ಯಾಗರಾಜನ್, ತಾರಾನಾಥನ್ ಅಣ್ಣತಮ್ಮಂದಿರು ‘ರುದ್ರಪಟ್ಟಣ ಸಹೋದರರು’ ಎಂದೇ ಹೆಸರಾದವರು. ಇಷ್ಟನ್ನೂ ನಾನು ಒಂದೇ ಗುಕ್ಕಿಗೆ ಒಪ್ಪಿಸಿದರೆ ಗೆಳೆಯರು ಉಪ್ಪಿನಕಾಯಿ ನೆಕ್ಕುತ್ತ, “ನಿಮ್ಮದು ಸಭೆಯಲ್ಲಿ ಕೂತು ಕೇಳೋದು, ನಮ್ಮದು ಗದ್ದೇಲಿ ನಿಂತು ಹಾಡೋದು” ಎಂದು ಪಂದ್ಯ ಮುಗಿಸುತ್ತಿದ್ದರು. ಆಗ ನಾನು ಚಿಕ್ಕಪ್ಪ ಕೊಟ್ಟಿದ್ದ ಅಸ್ತ್ರ ತೆಗೆಯುತ್ತಿದ್ದೆ: “ಅದು ಬರೀ ಅಶ್ವಥ್ ಅಲ್ಲ, ಅಶ್ವಥ್-ವೈದಿ. ಅರ್ಧ ಮದರಾಸಿನವರದು!”

ಅಸ್ತ್ರ ಗುರಿ ಮುಟ್ಟುತ್ತಿರಲಿಲ್ಲ. ಯಾಕೆಂದರೆ ವೈದಿ ಯಾರೆಂದು ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಬ್ಬರು ಅದು ಅಶ್ವಥ್ ಅವರ ಮನೆತನದ ಹೆಸರೆಂದರು. ಇನ್ನೊಬ್ಬರು ವೈದ್ಯರಿರಬೇಕೆಂದರು.

ಎಲ್. ವೈದ್ಯನಾಥನ್ ಎಂಬುದು ಅವರ ಪೂರ್ತಿ ಹೆಸರು. ಜೋಡಿಯಾಗುವಾಗ ಅಶ್ವಥ್ ಒಂದು ಇನಿಶಿಯಲ್ ಕಳೆದುಕೊಂಡರು, ವೈದ್ಯನಾಥನ್ ಮುಕ್ಕಾಲು ಹೆಸರನ್ನೇ ಕಳೆದುಕೊಂಡರು. ನಮ್ಮ ಸಿನಿಮಾಗಳಲ್ಲಿ ಜೋಡಿ ಹೆಸರುಗಳಿಗೇನೂ ಬರವಿಲ್ಲ. ಮೈಸೂರಿನ ರಾಜನ್-ನಾಗೇಂದ್ರ ಇದ್ದರು. ಆದರೆ ಅವರು ಒಡಹುಟ್ಟಿದವರು, ಒಂದೇ ತಾಯಿ ತುತ್ತು ತಿಂದವರು, ನಡುವೆ ಅಡ್ಡಗೆರೆ ಇದ್ದರೂ ಇಲ್ಲದಿದ್ದರೂ ನಡೆಯುತ್ತಿತ್ತು. ರುದ್ರಪಟ್ಟಣದವರಂತೂ ಇಬ್ಬರ ಹೆಸರನ್ನೂ ಊರಿಗೆ ಒಪ್ಪಿಸಿಬಿಟ್ಟರು, ಯಾರು ಮೊದಲು ಎಂಬ ಪ್ರಶ್ನೆಯೇ ಏಳದಂತೆ. ಅಶ್ವಥ್-ವೈದಿ ಹಾಗಲ್ಲ. ಒಬ್ಬರು ಹಿಂದೂಸ್ತಾನಿ ಕಲಿತು ಭಾವಗೀತೆಯ ಗುಂಗು ಹತ್ತಿಸಿಕೊಂಡ ಹಾಸನ ಸೀಮೆಯವರು, ಇನ್ನೊಬ್ಬರು ಮದರಾಸಿನಲ್ಲಿ ಹುಟ್ಟಿ ಕರ್ನಾಟಕ ಸಂಗೀತದ ಪಿಟೀಲಿನ ಮನೆಯಲ್ಲಿ ಬೆಳೆದವರು. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಈ ಇಬ್ಬರೂ ಸೇರಿ ‘ನಾರದ ವಿಜಯ’ ಮಾಡಿದರು, ‘ಅನುಪಮ’ ಮಾಡಿದರು, ‘ಆಲೆಮನೆ’ ಮಾಡಿದರು. ಆಮೇಲೆ ಅವರವರ ದಾರಿ ಹಿಡಿದರು.

ಚಿಕ್ಕಪ್ಪನಿಗೆ ಈ ಬಗ್ಗೆ ಒಂದು ಸಿದ್ಧಾಂತವಿತ್ತು. ಹಾಡಿನಲ್ಲಿ ಮಾತು ಇರುವ ಕಡೆಯೆಲ್ಲ ಅಶ್ವಥ್, ಮಾತು ನಿಂತು ಬರೀ ವಾದ್ಯ ನಡೆಯುವ ಕಡೆಯೆಲ್ಲ ವೈದಿ. ಇದನ್ನು ಅವನಿಗೆ ಯಾರೂ ಹೇಳಿದ್ದಲ್ಲ. ಬೆಂಕಿಯ ಮುಂದೆ ಕೂತು ಅವನೇ ಕಂಡುಕೊಂಡದ್ದು. ಪುರಾವೆ ಕೇಳಿದರೆ, “ವೈದಿ ಬಂದ್ರು ನೋಡು” ಎಂದು ಸೌದೆಯನ್ನು ಅಲ್ಲೇ ಬಿಟ್ಟು ಕಿವಿ ತಗ್ಗಿಸುತ್ತಿದ್ದ. ಚರಣಕ್ಕೂ ಚರಣಕ್ಕೂ ನಡುವಿನ ಆ ಒಂದಿಷ್ಟು ಹೊತ್ತು ಎಲ್ಲರೂ ಮಾತಾಡಿಕೊಳ್ಳುವ, ಕೆಮ್ಮುವ, ಬೀಡಿ ಹಚ್ಚುವ ಹೊತ್ತು. ಅವನಿಗೆ ಅದೇ ಹಾಡು. ದೊಡ್ಡಪ್ಪ ಹಜಾರದಿಂದಲೇ “ಡಿಗ್ರಿ ಎಷ್ಟಾಯ್ತೋ?” ಎಂದು ಕೂಗಿದರೆ ಚರಣ ಶುರುವಾಗುವವರೆಗೂ ಉತ್ತರವಿಲ್ಲ.

ಮುಂದೆ ನಮ್ಮೂರಿಗೆ ಟಿವಿ ಬಂತು. ದೂರದರ್ಶನದಲ್ಲಿ ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ ಬಂತು. ಆಗುಂಬೆಯಲ್ಲಿ ತೆಗೆದದ್ದು, ಆರ್.ಕೆ. ಲಕ್ಷ್ಮಣ್ ಚಿತ್ರ ಬರೆದದ್ದು, ಮಾಸ್ಟರ್ ಮಂಜುನಾಥ್ ಓಡಾಡಿದ್ದು ಎಲ್ಲವನ್ನೂ ನಾವು ಬಾಯಿ ಬಿಟ್ಟು ನೋಡಿದೆವು. ಆದರೆ ಅದು ಶುರುವಾಗುವ ಮುಂಚೆ, ಅಡುಗೆಮನೆಯಿಂದ, ಹಟ್ಟಿಯಿಂದ, ಬೀದಿಯಿಂದ ಜನರನ್ನು ಎಳೆದು ತರುತ್ತಿದ್ದದ್ದು ಮಾತೇ ಇಲ್ಲದ ಆ ಗುನುಗು. ಭಾಷೆಯಿಲ್ಲದ್ದರಿಂದ ಅದು ಎಲ್ಲ ಭಾಷೆಯವರಿಗೂ ಬರುತ್ತದೆ. ನಮ್ಮಮ್ಮ ಅಕ್ಕಿ ಆರಿಸುತ್ತ ಅದನ್ನು ಗುನುಗುತ್ತಿದ್ದಳು. ಹೆಸರುಗಳ ಪಟ್ಟಿಯಲ್ಲಿ ಎಲ್. ವೈದ್ಯನಾಥನ್ ಎಂದು ಬಂದಾಗ ಚಿಕ್ಕಪ್ಪ ಕಂಬಳಿಯಿಂದ ಎದ್ದು ಕೂತ. “ಹೇಳಿರಲಿಲ್ವಾ? ಮಾತು ನಿಂತ ಕಡೆ ವೈದಿ!” ಅಂದ. ಸಿದ್ಧಾಂತಕ್ಕೆ ದೆಹಲಿಯಿಂದಲೇ ಮುದ್ರೆ ಬಿದ್ದ ಹಾಗಾಯಿತು. ಒಂದು ಮಾತೂ ಇಲ್ಲದ ‘ಪುಷ್ಪಕ ವಿಮಾನ’ಕ್ಕೂ ಅವರದೇ ಸಂಗೀತವೆಂದು 1987ರಲ್ಲಿ ತಿಳಿದ ಮೇಲಂತೂ ಅವನೆದುರು ಯಾರೂ ವಾದ ಮಾಡುವಂತಿರಲಿಲ್ಲ.

ಹಾಡಿನ ಅರ್ಥದ ವಿಷಯದಲ್ಲಿ ಮಾತ್ರ ನಮ್ಮ ಮನೆಯಲ್ಲಿ ಏಕಾಭಿಪ್ರಾಯ ಮೂಡಲೇ ಇಲ್ಲ. ಹುಡುಗ ಹುಡುಗಿಯನ್ನು ಹೂವೆಂದು ಕರೆಯುತ್ತಾನೆ, ಅದಕ್ಕೇನು ಅರ್ಥ ಹೇಳುವುದು ಎನ್ನುತ್ತೀರಿ. ನಮ್ಮದು ಬೇಸಾಯಗಾರರ ಮನೆ. ಹೂವೆಂದರೆ ಯಾವ ಗಿಡದ್ದು ಎಂದು ಮೊದಲು ತೀರ್ಮಾನವಾಗಬೇಕು. ಅಮ್ಮನ ಪ್ರಕಾರ ಮಂದಾರವೆಂದರೆ ಬಾವಿಕಟ್ಟೆಯ ಪಕ್ಕದ ಬಿಳಿ ಹೂವಿನ ಗಿಡ. ಎಲೆ ನಡುವೆ ಸೀಳಿ ದನದ ಗೊರಸಿನಂತಿರುತ್ತದೆ, ಸಂಜೆಯಾದರೆ ಪುಸ್ತಕ ಮುಚ್ಚಿದಂತೆ ಮಡಚಿಕೊಳ್ಳುತ್ತದೆ. ಕಾಯಿ ಒಣಗಿ ಮಧ್ಯಾಹ್ನದ ಬಿಸಿಲಿಗೆ ಪಟ್ಟೆಂದು ಸಿಡಿದು ಬೀಜ ಅಂಗಳಕ್ಕೆಲ್ಲ ಎರಚುತ್ತದೆ. ದೇವರಿಗೆ ಬಿಡಿಸುವುದು ಅದನ್ನೇ. ಎದುರು ಮನೆಯ ರಿಟೈರ್ಡ್ ಸಂಸ್ಕೃತ ಮೇಷ್ಟ್ರು ಇದನ್ನು ಕೇಳಿ ನಕ್ಕರು. ಅಮರಕೋಶದಲ್ಲಿ ಮಂದಾರ ಮೂರು ಕಡೆ ಬರುತ್ತದಂತೆ. ಒಂದು, ಇಂದ್ರನ ತೋಟದ ಐದು ದೇವವೃಕ್ಷಗಳಲ್ಲೊಂದು, ಅದು ನಮ್ಮೂರದ್ದಾಗಲಾರದು. ಎರಡನೆಯದು ಹಾಲುವಾಣ, ಮುಳ್ಳಿನ ಮರ, ಕೆಂಪು ಹೂವು, ಮೆಣಸು ಹಬ್ಬಿಸಲು ಕೊಡಗಿನ ಗಡಿಯಲ್ಲಿ ನೆಡುವಂಥದ್ದು. ಮೂರನೆಯದು ಎಕ್ಕ.

“ಎಕ್ಕ” ಎಂದು ಮೇಷ್ಟ್ರು ಎರಡನೇ ಸಲ ಹೇಳಿದರು, ಪರಿಣಾಮ ನೋಡಲೆಂದು. ಶನಿವಾರ ಆಂಜನೇಯನಿಗೆ ಹಾರ ಮಾಡುವ, ಹಾಲು ಕಣ್ಣಿಗೆ ಬಿದ್ದರೆ ಆಸ್ಪತ್ರೆಗೆ ಓಡಬೇಕಾದ ಎಕ್ಕ. ಯಾವ ಹುಡುಗ ಹುಡುಗಿಯನ್ನು ಹಾಗೆ ಕರೆದು ಬದುಕುಳಿಯುತ್ತಾನೆ? ಅಮ್ಮ, “ಮೇಷ್ಟ್ರೇ, ನಿಮ್ಮ ಕೋಶ ನಿಮ್ಮನೇಲಿರಲಿ, ದೊಡ್ಡರಂಗೇಗೌಡ್ರು ಕುರುಬರಹಳ್ಳಿಯವರು, ಅವರಿಗೆ ಗಿಡ ಗೊತ್ತು” ಎಂದು ತೀರ್ಪು ಕೊಟ್ಟಳು. ಮಧುಗಿರಿ ಸೀಮೆಯ ಆ ಊರಿನ ಹೆಸರು ಅವಳಿಗೆ ಗೊತ್ತಿದ್ದದ್ದು ಚಿಕ್ಕಪ್ಪನ ಕಾಲಂಗಳ ಪ್ರಭಾವ. ನನಗೂ ಅಮ್ಮನ ತೀರ್ಪೇ ಸರಿಯೆನ್ನಿಸುತ್ತದೆ. ಕವಿ ಸ್ವರ್ಗದ ಮರದ ಹೆಸರನ್ನು ತೆಗೆದುಕೊಂಡು ಅದರ ಮುಂದೆ ‘ನಮ್ಮೂರ’ ಎಂದು ಸೇರಿಸಿದ್ದಾರಲ್ಲ, ಹಾಡಿನ ಜೀವವೆಲ್ಲ ಅಲ್ಲಿದೆ. ಇಂದ್ರನ ತೋಟದಿಂದ ಕಿತ್ತು ತಂದು ಬಾವಿಕಟ್ಟೆಗೆ ನೆಟ್ಟರು. ಎಸ್‌ಪಿಬಿ ಅದನ್ನು ಹಾಡುವಾಗಲೂ ಬಲು ದೊಡ್ಡ ಹಾಡು ಹಾಡುತ್ತಿರುವವರಂತಲ್ಲ, ಬೇಲಿಯಾಚೆ ಇರುವವಳಿಗೆ ಕೇಳಿಸಿದರೆ ಸಾಕೆಂಬಂತೆ ಹಾಡಿದ್ದಾರೆ.

ಈ ವ್ಯಾಜ್ಯ ಅಲ್ಲಿಗೆ ಮುಗಿದಿತ್ತು. ಹೋದ ವರ್ಷ ತಂಗಿಯ ಮಗಳು ರಜಕ್ಕೆ ಬಂದಳು, ಸಸ್ಯಶಾಸ್ತ್ರ ಓದುತ್ತಿದ್ದಾಳೆ. ಅವಳ ಮುಂದೆ ಏನನ್ನೂ ಸುಮ್ಮನೆ ಕೀಳುವಂತಿಲ್ಲ. ಬಾವಿಕಟ್ಟೆಯ ಗಿಡದ ಎಲೆಯೊಂದನ್ನು ಬಿಡಿಸಿ, ಎರಡು ಹೋಳನ್ನೂ ಹೆಬ್ಬೆರಳಿಂದ ಸವರುತ್ತ, “ಮಾವ, ಇದಕ್ಕೆ ಬೌಹಿನಿಯ ಅಂತ ಹೆಸರು. ಯಾಕೆ ಗೊತ್ತಾ?” ಅಂದಳು. ಸ್ವಿಟ್ಜರ್ಲೆಂಡಿನಲ್ಲಿ ಬೌಹಿನ್ ಎಂಬ ಅಣ್ಣತಮ್ಮಂದಿರಿದ್ದರಂತೆ, ಇಬ್ಬರೂ ಸಸ್ಯಶಾಸ್ತ್ರಜ್ಞರು. ಅಣ್ಣ ಜಾನ್ ಹುಟ್ಟಿದ್ದು 1541ರಲ್ಲಿ, ತಮ್ಮ ಗಾಸ್ಪಾರ್ 1560ರಲ್ಲಿ. ಬುಡದಲ್ಲಿ ಒಂದಾಗಿ ತುದಿಯಲ್ಲಿ ಎರಡಾದ ಈ ಎಲೆ ಆ ಇಬ್ಬರು ಸೋದರರಿಗೆ ಒಪ್ಪುತ್ತದೆಂದು ಲಿನೇಯಸ್ ವಿವರಿಸಿದ್ದಾನೆ.

ನಾನು ಬಾವಿಕಟ್ಟೆಯ ಮೇಲೆ ಕೂತುಬಿಟ್ಟೆ. ಜೋಡಿ ಕಟ್ಟಿದ ಹಾಡಿನ ಹೂವಿನ ಗಿಡದಲ್ಲೇ ಜೋಡಿ ಹೆಸರು! ಇದನ್ನು ಚನ್ನರಾಯಪಟ್ಟಣದ ಗೆಳೆಯರಿಗೆ ಫೋನ್ ಮಾಡಿ ಹೇಳಿದೆ. “ಎಲೆಯಲ್ಲಿ ದೊಡ್ಡ ಹೋಳು ನಮ್ಮದು ತಾನೇ?” ಅಂದರು. ಅವರು ನಿವೃತ್ತರಾದ ಮೇಲೂ ಬದಲಾಗಿಲ್ಲ. ಹೋಳುಗಳು ಎರಡೂ ಸಮ. ಅಳೆದು ನೋಡಿಯೇ ಹೇಳುತ್ತಿದ್ದೇನೆ. ಆದರೆ ಇದರಲ್ಲೊಂದು ಮೋಜಿದೆ. ಬೌಹಿನ್ ಸೋದರರ ನಡುವೆ ಹತ್ತೊಂಬತ್ತು ವರ್ಷದ ಅಂತರ. ಅವರ ದೊಡ್ಡ ಗ್ರಂಥಗಳೂ ಬ್ಯಾರೆ ಬ್ಯಾರೆ. ತಮ್ಮನದು 1623ರಲ್ಲಿ ಅಚ್ಚಾಯಿತು, ಸುಮಾರು 6000 ಗಿಡಗಳ ಪಟ್ಟಿ. ಅಣ್ಣನದು ಅವನು ಸತ್ತು ಸುಮಾರು ನಲವತ್ತು ವರ್ಷಗಳಾದ ಮೇಲೆ. ಜೋಡಿ ಮಾಡಿದ್ದು ಎಲೆಯೇ ಹೊರತು ಅವರಾಗಿ ಆದದ್ದಲ್ಲ.

ತಂಗಿಯ ಮಗಳು ಅಷ್ಟಕ್ಕೇ ಬಿಡಲಿಲ್ಲ. ಕಟ್ಟೆಯ ಕೆಳಗೆ, ಪಾತ್ರೆ ತೊಳೆದ ನೀರು ಹರಿಯುವಲ್ಲಿ, ಕನ್ನೆಸೊಪ್ಪು ಬೆಳೆದಿತ್ತು. ಅದರ ಪುಟ್ಟ ನೀಲಿ ಹೂವೊಂದನ್ನು ಕಿತ್ತು ನನ್ನ ಅಂಗೈ ಮೇಲಿಟ್ಟಳು. ಮೂರು ಎಸಳು. ಮೇಲಿನ ಎರಡು ಅಗಲವಾಗಿ, ನೀಲಿಯಾಗಿ, ನೋಡಿ ನೋಡಿ ಎನ್ನುವಂತಿದ್ದವು. ಕೆಳಗಿನದು ಚಿಕ್ಕದು, ಮಾಸಲು. ಇದರ ಹೆಸರು ಕಾಮೆಲಿನ, ಹಾಲೆಂಡಿನ ಕಾಮೆಲಿನ್ ಮನೆತನದ್ದು. ಅವರಲ್ಲಿ ಹಿರಿಯನಾದ ಜಾನ್ ನಮ್ಮ ಮಲಬಾರಿನ ಗಿಡಗಳ ಬಗೆಗಿನ ‘ಹೋರ್ತುಸ್ ಮಲಬಾರಿಕುಸ್’ಗೆ ಟಿಪ್ಪಣಿ ಬರೆದವನು. ಲಿನೇಯಸ್ ಇಲ್ಲೂ ಕಥೆ ಹೇಳಿದ್ದಾನೆ: ಕಾಮೆಲಿನ್‌ಗಳು ಮೂವರು, ಇಬ್ಬರು ಎದ್ದು ಕಾಣುವ ಎಸಳುಗಳಂತೆ ಹೆಸರಾದರು, ಮೂರನೆಯವನು ಸಸ್ಯಶಾಸ್ತ್ರದಲ್ಲಿ ಏನನ್ನೂ ಸಾಧಿಸುವ ಮುಂಚೆಯೇ ತೀರಿಕೊಂಡ.

ಅಂಗೈ ಮೇಲೆ ಹೂವಿಟ್ಟುಕೊಂಡು ನಾನು ವೈದಿಯ ಮನೆಗೆ ಹೋದೆ. ಪಿಟೀಲಿನ ವಿ. ಲಕ್ಷ್ಮೀನಾರಾಯಣ ಅವರ ಗಂಡುಮಕ್ಕಳಲ್ಲಿ ಮೂವರು ಸಂಗೀತದಲ್ಲಿ ಹೆಸರಾದರು. ಎಲ್. ಸುಬ್ರಮಣ್ಯಂ, ಎಲ್. ಶಂಕರ್ ಪಿಟೀಲು ಹಿಡಿದು ಜಗತ್ತು ಸುತ್ತಿದರು. ಶಂಕರ್ ‘ಶಕ್ತಿ’ ಎಂಬ ತಂಡದಲ್ಲಿ ಜಾನ್ ಮೆಕ್‌ಲಾಫ್ಲಿನ್, ಜಾಕಿರ್ ಹುಸೇನ್ ಪಕ್ಕ ಕೂತು ನುಡಿಸಿದವರು. ಎರಡು ನೀಲಿ ಎಸಳು. ಇಬ್ಬರಿಗಿಂತ ಹಿರಿಯರಾದ ವೈದ್ಯನಾಥನ್, ಅವರೂ ಪಿಟೀಲು ಕಲಿತವರೇ, ಮದರಾಸಿನ ಮತ್ತು ಬೆಂಗಳೂರಿನ ಸ್ಟುಡಿಯೋಗಳಲ್ಲಿ ಇನ್ನೊಬ್ಬರ ಕಥೆಗೆ, ಇನ್ನೊಬ್ಬರ ಸಾಲಿಗೆ ಸಂಗೀತ ಹೊಂದಿಸುತ್ತ ಉಳಿದರು. ಮನೆಯಲ್ಲೂ ಕೆಳಗಿನ ಎಸಳು, ಜೋಡಿಯಲ್ಲೂ ಅಡ್ಡಗೆರೆಯ ಆಚೆ. 2007ರ ಮೇನಲ್ಲಿ ಅವರು ಹೋದ ಸುದ್ದಿ ನಮ್ಮೂರಿನಲ್ಲಿ ಸುದ್ದಿಯಾಗಲಿಲ್ಲ. ಎರಡು ವರ್ಷ ಕಳೆದು 2009ರ ಡಿಸೆಂಬರ್ 29ರಂದು, ತಮ್ಮ ಎಪ್ಪತ್ತನೇ ಹುಟ್ಟುಹಬ್ಬದ ದಿನವೇ ಅಶ್ವಥ್ ಹೋದಾಗ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲೂ ಅವರ ಪದಗಳೇ ನಡೆದವು, ಚನ್ನರಾಯಪಟ್ಟಣದ ಗೆಳೆಯರು ನಾಲ್ಕು ದಿನ ಯಾರೊಡನೆಯೂ ಪಂದ್ಯ ಕಟ್ಟಲಿಲ್ಲ. ಅಶ್ವಥ್‌ರಿಗೆ ಸಿಕ್ಕಿದ್ದು ಹೆಚ್ಚೆಂದು ನಾನು ಹೇಳುತ್ತಿಲ್ಲ. ಲಿನೇಯಸ್‌ಗೆ ಎಸಳುಗಳನ್ನು ನೋಡಲು ಬರುತ್ತಿತ್ತು, ಕೇಳಲು ಬರುತ್ತಿರಲಿಲ್ಲ ಎಂದಷ್ಟೇ ನನ್ನ ಆಕ್ಷೇಪ.

ನಮ್ಮ ಬ್ಯಾರನ್ನಿನ ಲೈಸೆನ್ಸ್ ದೊಡ್ಡಪ್ಪನ ಹೆಸರಿನಲ್ಲಿತ್ತು. ಒಂದು ಬ್ಯಾರನ್ನಿಗೆ ಒಂದೇ ಹೆಸರು. ಅಣ್ಣನಿರುವಾಗ ತಮ್ಮನದು ಬರೆಸುವ ಪದ್ಧತಿಯಿಲ್ಲ. ಹರಾಜಿಗೆ ಬೇಲ್ ಹೋಗುತ್ತಿದ್ದದ್ದು ದೊಡ್ಡಪ್ಪನ ಹೆಸರಿನಲ್ಲಿ, ಒಳ್ಳೆ ಗ್ರೇಡ್ ಬಂದರೆ ಜನ ಹೊಗಳುತ್ತಿದ್ದದ್ದು “ದೊಡ್ಡೋರ ಬ್ಯಾರನ್ ಬಣ್ಣವೇ ಬ್ಯಾರೆ” ಎಂದು. ಬಣ್ಣ ಬರಿಸುತ್ತಿದ್ದವನು ಒಲೆಯ ಮುಂದೆ ವೈದಿಗಾಗಿ ಕಿವಿ ತಗ್ಗಿಸಿ ಕೂತಿರುತ್ತಿದ್ದ. ದೊಡ್ಡಪ್ಪ ಕೆಟ್ಟವರಲ್ಲ, ಹಣದ ಲೆಕ್ಕ ಎಲ್ಲರ ಮುಂದೆ ಬಿಚ್ಚುತ್ತಿದ್ದರು, ಹಬ್ಬಕ್ಕೆ ಮೊದಲ ಪಂಚೆ ತಮ್ಮನಿಗೇ ತರುತ್ತಿದ್ದರು. ಆದರೂ ಊರಿನ ನಾಲಿಗೆ ಒಂದೇ ಹೆಸರಿಗೆ ಹೊರಳುತ್ತದೆ. ಈಗ ಬ್ಯಾರನ್ ಬಿದ್ದಿದೆ, ಆ ಜಾಗದಲ್ಲಿ ಶುಂಠಿ ಹಾಕಿದ್ದೇವೆ. ದೊಡ್ಡಪ್ಪ ಇಲ್ಲ. ಚಿಕ್ಕಪ್ಪನಿಗೆ ಎಂಬತ್ತು ದಾಟಿದೆ, ಒಂದು ಕಿವಿ ಕೇಳುವುದಿಲ್ಲ, ಕೇಳುವ ಕಿವಿಗೆ ಮೊಬೈಲ್ ಒತ್ತಿಕೊಂಡು ಹಳೆಯ ಹಾಡು ಕೇಳುತ್ತಾನೆ. ಸಾಹಿತ್ಯ, ಸಂಗೀತ ಬರೆಯದೆ ಹಾಡು ಹಾಕುವವರಿಗೆ ಮೊಬೈಲಿನ ಒಳಗೇ ಬೈಯುತ್ತಾನೆ.

ಅವನಿಗೆ ಈ ಎಲೆಯ ವೃತ್ತಾಂತವನ್ನೂ ಎಸಳಿನ ವೃತ್ತಾಂತವನ್ನೂ ನಾನು ಬಹಳ ಉತ್ಸಾಹದಿಂದ, ಕೇಳುವ ಕಿವಿಯ ಪಕ್ಕ ಕೂತು, ಕೈ ಆಡಿಸಿಕೊಂಡು ಹೇಳಿದೆ. ಲಿನೇಯಸ್, ಬೌಹಿನ್, ಶಕ್ತಿ ತಂಡ ಯಾವುದನ್ನೂ ಬಿಡಲಿಲ್ಲ. ಮನಸ್ಸಿನಲ್ಲಿ ಬ್ಯಾರನ್ ಲೈಸೆನ್ಸೂ ಇತ್ತು. ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ. ಚಿಕ್ಕಪ್ಪ ಕನ್ನೆಸೊಪ್ಪಿನ ಹೂವನ್ನು ತೆಗೆದುಕೊಂಡು ಕಣ್ಣಿಗೆ ಹತ್ತಿರ ಹಿಡಿದ.

“ಇದಾ? ಇದು ಕೊನೇ ಎಸಳಂತೆ, ಮೊದಲನೇ ಎಸಳಂತೆ! ಇದನ್ನ ಕಿತ್ತು ಬದಿಗೆಸೆದ್ರೂ ಗೆಣ್ಣು ಗೆಣ್ಣಲ್ಲೂ ಬೇರು ಬಿಡತ್ತೆ. ಮಣ್ಣೊಳಗೂ ಹೂವು ಬಿಟ್ಟು ಕಾಯಿ ಕಟ್ಟತ್ತೆ, ಗೊತ್ತಾ ನಿಂಗೆ? ಮೇಲ್ಗಡೆ ಹೂವು ನೋಡ್ಕೊಂಡು ಕೂತವ್ರು ಯಾರೂ ಬೇಸಾಯ ಮಾಡ್ದೋರಲ್ಲ.”

ತಂಗಿಯ ಮಗಳು ಹೌದೆಂದು ತಲೆಯಾಡಿಸಿದಳು. ಅವಳ ಪುಸ್ತಕದಲ್ಲೂ ಹಾಗೇ ಇದೆಯಂತೆ. ಚಿಕ್ಕಪ್ಪ ಹೂವನ್ನು ಅವಳ ಕೈಗೆ ಕೊಟ್ಟು, ಮೊಬೈಲನ್ನು ಮತ್ತೆ ಕಿವಿಗೆ ಒತ್ತಿಕೊಳ್ಳುತ್ತ ನನ್ನ ಕಡೆ ತಿರುಗಿದ.

“ಶುಂಠಿ ಪಟ್ಟೇಲೆಲ್ಲ ಇದೇ ತುಂಬಿದೆ. ನಾಳೆ ಕಳೆಗೆ ನಾಲ್ಕು ಆಳು ಹೇಳ್ಬಿಟ್ಟು ಬಾ, ಹೋಗು.”